ಹೊತ್ತುಕೊಂಡ ಹೆಸರು

ಆ ಊರಿನ ಮನೆಗಳಿಗೆ ಕದಗಳಿರಲಿಲ್ಲ.

ಅಂಕೋಲೆಯಿಂದ ಹೊರಟ ಎತ್ತಿನ ಗಾಡಿ ಗದ್ದೆಗಳ ನಡುವೆ ನಮ್ಮನ್ನು ಇಳಿಸಿದಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ದಾರಿಯ ಎರಡೂ ಕಡೆ ಮನೆಗಳು. ಚೌಕಟ್ಟು ಇತ್ತು, ಹೊಸ್ತಿಲು ಇತ್ತು, ಕದ ಇದ್ದಲ್ಲಿ ಬರೀ ಕತ್ತಲೆ. ಒಂದು ಅಂಗಳದಲ್ಲಿ ಕಾಲು ಮುರಿದ ತೊಟ್ಟಿಲು ಬಿದ್ದಿತ್ತು. ಕೊಟ್ಟಿಗೆಗಳಲ್ಲಿ ಹಗ್ಗ ಇತ್ತು, ದನ ಇರಲಿಲ್ಲ. ಒಂದು ನಾಯಿ ಕೂಡ ಬೊಗಳಲಿಲ್ಲ. ಗದ್ದೆಗಳಾಚೆ ಸಮುದ್ರ ಒಂದೇ ಸಮನೆ ಮೊರೆಯುತ್ತಿತ್ತು. ಬಯಲುಸೀಮೆಯಲ್ಲಿ ಹುಟ್ಟಿದ ನನಗೆ ಆ ಸದ್ದು ಯಾವುದೋ ದೊಡ್ಡ ಪ್ರಾಣಿ ಉಸಿರಾಡಿದಂತೆ ಕೇಳಿತು.

"ಇಲ್ಲೆ ಜನಾನ ಇಲ್ಲೇನಪಾ?" ಎಂದು ನನ್ನ ಗಂಡ ಗಾಡಿಯವನನ್ನು ಕೇಳಿದರು.

"ಅವ್ರೆ ಒಡೆಯಾ. ನಿಮ್ಮನ್ನೇ ನೋಡ್ತಾ ಅವ್ರೆ," ಎಂದು ಹೇಳಿ ಅವನು ಟ್ರಂಕು ಇಳಿಸಿದ. ನೀರು ಕೂಡ ಕುಡಿಯದೆ ಎತ್ತುಗಳನ್ನು ತಿರುಗಿಸಿದ.

ಇಡೀ ದಾರಿಯಲ್ಲಿ ಕದವಿದ್ದದ್ದು ಒಂದೇ ಮನೆಗೆ. ಅದಕ್ಕೊಂದು ಹೊಸ ಬೀಗ ಹಾಕಿತ್ತು. ಆ ಬೀಗದ ಕೈ ನಮ್ಮ ಹತ್ತಿರವಿತ್ತು.

ಬೆಟಗೇರಿಯ ನನ್ನ ಜನರು ಪ್ರತಿ ಸಲ ಕೇಳುತ್ತೀರಿ: ಅಲ್ಲಿ ಎಷ್ಟು ಮಂದಿ ಸ್ವಾಮಿಯನ್ನು ನಂಬಿದರು, ಎಷ್ಟು ದೀಕ್ಷಾಸ್ನಾನಗಳಾದವು ಎಂದು. ಆ ಪ್ರಶ್ನೆಗೆ ಇದೇ ನನ್ನ ಉತ್ತರ. ಊರಿನ ಹೆಸರನ್ನು ಬರೆಯುವುದಿಲ್ಲ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಅದರ ಕಾರಣ ಮುಂದೆ ತಿಳಿಯುತ್ತದೆ.

ನಾನು ರೂತಮ್ಮ, ನೇಕಾರರ ಓಣಿಯ ಮಗಳು. ಮಿಶನ್ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿತವಳು. ನನ್ನ ಗಂಡ ಸತ್ಯಪ್ಪ ಸಭೆಯ ಉಪದೇಶಿ. ಕರಾವಳಿಯಲ್ಲಿ ಸುವಾರ್ತೆಯನ್ನೇ ಕೇಳದ ಊರುಗಳು ಬಹಳ ಇವೆ ಎಂದು ಹಿರಿಯರು ಹೇಳಿದಾಗ ಇಬ್ಬರೂ ಉತ್ಸಾಹದಿಂದ ಹೊರಟೆವು. ಹುಬ್ಬಳ್ಳಿಯಿಂದ ಮೋಟಾರಿನಲ್ಲಿ ಅರಬೈಲು ಘಟ್ಟ ಇಳಿಯುವಾಗ ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ಅವರು ಮಾತ್ರ ಕೀರ್ತನೆ ಹಾಡುತ್ತಿದ್ದರು. ಮನೆಯನ್ನು ಗೊತ್ತು ಮಾಡಿಕೊಟ್ಟವರು ಕಾರವಾರದಲ್ಲಿದ್ದ ನಮ್ಮವರೇ ಆದ ಒಬ್ಬ ಹಿರಿಯರು. ಅವರಿಗೆ ಮಾಮಲೇದಾರರ ಕಚೇರಿಯಲ್ಲಿ ಪರಿಚಯವಿತ್ತು.

ಮೊದಲ ವಾರಗಳಲ್ಲಿ ಆ ಊರು ನಮ್ಮೊಡನೆ ಒಂದು ಮಾತನ್ನೂ ಆಡಲಿಲ್ಲ. ನಾನು ಕೊಡ ಹಿಡಿದು ಬಾವಿಗೆ ಹೋದರೆ ಅಲ್ಲಿದ್ದ ಹೆಂಗಸರು ಅರ್ಧ ತುಂಬಿದ ಕೊಡಗಳನ್ನೇ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಮೀನಿನ ಬುಟ್ಟಿ ಹೊತ್ತವಳು ನಮ್ಮ ಅಂಗಳದ ಮುಂದೆ ದನಿ ತಗ್ಗಿಸಿ ದಾಟಿ ಹೋಗುತ್ತಿದ್ದಳು. ಬೆಟಗೇರಿಯಲ್ಲಿ ಒಬ್ಬರ ಮನೆಯ ಮಗ್ಗ ನಿಂತರೆ ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳುತ್ತಾರೆ. ಇಲ್ಲಿ ನಾನು ಚಳಿಜ್ವರದಲ್ಲಿ ಮಲಗಿ ನರಳಿದರೂ ಒಬ್ಬರೂ ಇಣುಕಲಿಲ್ಲ. ತಂದಿದ್ದ ಜೋಳದ ಹಿಟ್ಟು ಮುಗಿಯಿತು. ಅಂಕೋಲೆಯ ಸಂತೆಯಿಂದ ತಂದ ಕುಚಲಕ್ಕಿಯ ಕೆಂಪು ಗಂಜಿ ನನ್ನ ಗಂಟಲಲ್ಲಿ ಇಳಿಯದು. ರೊಟ್ಟಿ ಬಡಿಯುವ ಸದ್ದು ಕನಸಿನಲ್ಲಿ ಕೇಳಿ ಎಚ್ಚರಾಗುತ್ತಿತ್ತು.

ಭಾಷೆ ಕನ್ನಡವೇ. ಆದರೂ ಅದು ನನ್ನ ಕನ್ನಡವಲ್ಲ. ಅವರು 'ಎಂತ' ಎಂದರೆ ನಮ್ಮ 'ಏನು'. 'ಬರ್ತೆ' ಎಂದರೆ ನಮ್ಮ 'ಬರ್ತೀನಿ'. ಮಾತಿನ ಕೊನೆಯನ್ನು ಅವರು ಅಲೆಯಂತೆ ಎತ್ತಿ ಬಿಡುತ್ತಾರೆ. ಕೇಳಿದ್ದಕ್ಕೆ ಉತ್ತರವೋ ತಿರುಗಿ ಪ್ರಶ್ನೆಯೋ ನನಗೆ ಗೊತ್ತಾಗುತ್ತಿರಲಿಲ್ಲ.

ಇದೆಲ್ಲದರ ನಡುವೆ ಒಬ್ಬ ಹೆಂಗಸು. ದಿನವೂ ಸಂಜೆ ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ಬಂದು, ಕೈ ಕಟ್ಟಿ, ನಮ್ಮ ಮನೆಯನ್ನು ನೋಡುತ್ತ ನಿಲ್ಲುತ್ತಿದ್ದಳು. ಬಯ್ಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ನಾನು ದೀಪ ಹಚ್ಚಿದ ಕೂಡಲೇ ತಿರುಗಿ ಹೋಗುತ್ತಿದ್ದಳು.

ಅವಳು ಯಾರೆಂದು ತಿಳಿದದ್ದು ಸೋಮಿ ಅಜ್ಜಿಯಿಂದ. ಸೋಮಿ ಹಾಲಕ್ಕಿ ಒಕ್ಕಲಿನ ಮುದುಕಿ. ಊರಿನ ಅಂಚಿನಲ್ಲಿ ಅವಳ ಗುಡಿಸಲು. ಹೊಳೆಯ ಬಾಯಲ್ಲಿ ಬಳಚು ಎಂಬ ಚಿಪ್ಪುಮೀನು ಆಯುವಾಗ ಚಿಪ್ಪು ಹೊಕ್ಕು ಅವಳ ಕಾಲು ಕೀವು ತುಂಬಿ ಊದಿತ್ತು. ನಮ್ಮ ಅಂಗಳದ ಮುಂದೆ ಅವಳು ಕುಂಟುತ್ತ ಹೋಗುವುದನ್ನು ನೋಡಿ ನಾನೇ ಬಿಸಿನೀರು ತೆಗೆದುಕೊಂಡು ಹಿಂದೆ ಹೋದೆ. ದಾರಿಯಲ್ಲೇ ಕುಳಿತು ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಅವಳು ಬೆದರಿ ಎಳೆದುಕೊಂಡಳು.

"ಮುಟ್ಬೇಡಿ ಅಮ್ಮಾ. ಹೊಲಸದೆ."

"ಇರ್ಲಿ ಬಿಡ್ರಿ ಅಜ್ಜಿ. ತೊಳೆದ್ರ ಹೋಗತೈತಿ."

ನಾಲ್ಕಾರು ದಿನ ಕಾಲು ತೊಳೆದು, ಕೀವು ತೆಗೆದು, ಬಟ್ಟೆ ಕಟ್ಟಿದೆ. ಒಂದು ದಿನ ಅವಳು ಇದ್ದಕ್ಕಿದ್ದಂತೆ ಕೇಳಿದಳು, "ನೀವು ಯಾರ ಒಲೆ ಮೇಲೆ ಅನ್ನ ಬೇಯಿಸ್ತ್ರಿ, ಗೊತ್ತದೆಯಾ?"

ಗೊತ್ತಿಲ್ಲ ಎಂದೆ. ಅವಳು ಹೇಳಿದಳು. ಕಾಂಗ್ರೆಸ್ಸಿನ ಕರೆಯಂತೆ ಊರಿನ ರೈತರು ಆ ವರ್ಷ ಸರಕಾರಕ್ಕೆ ತೀರ್ವೆ, ಅಂದರೆ ಭೂಕಂದಾಯ, ಕೊಡುವುದಿಲ್ಲ ಎಂದು ಒಂದಾಗಿ ನಿಂತಿದ್ದರು. ಸರಕಾರ ಗದ್ದೆಗಳನ್ನು ಜಪ್ತಿ ಮಾಡಿತು, ದನ, ಪಾತ್ರೆಗಳನ್ನು ಒಯ್ಯಿತು. ಕೊನೆಗೆ ಕದಗಳನ್ನೂ ಕಿತ್ತುಕೊಂಡು ಹೋಯಿತು. ಊರಿನ ಶಾಲೆಯಲ್ಲಿ ಪೋಲೀಸರು ಬಂದು ಕೂತರು. ನಾವಿದ್ದದ್ದು ಬೀರಣ್ಣ ನಾಯ್ಕರ ಮನೆ. ಅವರು ಜೈಲಿನಲ್ಲಿದ್ದರು. ಅಧಿಕಾರಿಗಳು ಬಂದರೆ ಇಳಿದುಕೊಳ್ಳಲು ಬೇಕೆಂದು ಆ ಒಂದು ಮನೆಯ ಕದಗಳನ್ನು ಉಳಿಸಿದ್ದರು. ಹಾಳಿಯ ಮೇಲೆ ನಿಲ್ಲುತ್ತಿದ್ದವಳು ಬೀರಣ್ಣನ ಹೆಂಡತಿ ದೇವಮ್ಮ.

ಆ ದಿನ ನಾನು ಒಲೆ ಹಚ್ಚಲಿಲ್ಲ. ನನ್ನ ಗಂಡ ಬಹಳ ಹೊತ್ತು ಮೊಣಕಾಲೂರಿ ಪ್ರಾರ್ಥನೆಯಲ್ಲಿದ್ದರು. ಎದ್ದವರೇ ಟ್ರಂಕು ಕಟ್ಟಿದರು. ಮರುದಿನ ಅಂಕೋಲೆಗೆ ನಡೆದುಹೋಗಿ ಬೀಗದ ಕೈಯನ್ನು ಕಚೇರಿಯಲ್ಲಿ ಕೊಟ್ಟುಬಂದರು. ಮನೆಯನ್ನು ದೇವಮ್ಮನಿಗೆ ಬಿಟ್ಟುಕೊಡಿ ಎಂದು ಕೇಳಿದಾಗ ಗುಮಾಸ್ತ ನಕ್ಕನಂತೆ. ತೀರ್ವೆ ಕಟ್ಟದೆ ಅವಳು ಹೊಸ್ತಿಲು ತುಳಿದರೆ ಅಪರಾಧ. ತೀರ್ವೆ ಕಟ್ಟಿದರೆ ಜೈಲಿನಲ್ಲಿರುವ ಗಂಡನಿಗೆ ದ್ರೋಹ. ಹೀಗೆ ನಾವು ಬಿಟ್ಟ ಮನೆ ಅವಳಿಗೂ ದಕ್ಕಲಿಲ್ಲ. ಬೀಗ ಹಾಕಿಕೊಂಡು ಖಾಲಿ ನಿಂತಿತು.

ಸೋಮಿಯ ಮಕ್ಕಳು ಒಣಹುಲ್ಲು ಇಡುತ್ತಿದ್ದ ಒಂದು ಮಾಡನ್ನು ನಮಗೆ ಬಿಟ್ಟುಕೊಟ್ಟರು. ಗೋಡೆ ಇಲ್ಲ, ತೆಂಗಿನ ಗರಿಯ ತಟ್ಟಿ ಮಾತ್ರ. ಮಳೆಗಾಲ ಶುರುವಾಗಿತ್ತು. ನೆಲದಿಂದ ನೀರು ಜಿನುಗುತ್ತಿತ್ತು. ಅಲ್ಲಿಗೆ ಬಂದ ಮೇಲೆ ಬಾವಿಯ ಹತ್ತಿರ ಹೆಂಗಸರು ಎದ್ದು ಹೋಗುವುದು ನಿಂತಿತು. ಒಬ್ಬಳು ಮಗುವಿನ ಕಜ್ಜಿ ತೋರಿಸಿದಳು, ಇನ್ನೊಬ್ಬಳು ಮೈದುನನ ಜ್ವರಕ್ಕೆ ಔಷಧ ಕೇಳಿದಳು. ನಾನು ಕ್ವಿನೈನ್ ಕೊಟ್ಟೆ. ನನ್ನ ಗಂಡ ಮುದುಕರ ಮಾಡಿಗೆ ಗರಿ ಹೊದಿಸಲು ಹೋಗುತ್ತಿದ್ದರು. ಊರಿನವರು ನಮ್ಮನ್ನು 'ಮಾಸ್ತರ್ರು', 'ಅಕ್ಕೋರು' ಎಂದು ಕರೆಯತೊಡಗಿದರು. ಸ್ವಾಮಿಯ ಮಾತನ್ನು ಯಾರೂ ಕೇಳಲಿಲ್ಲ, ನಾವೂ ಎತ್ತಲಿಲ್ಲ. ಕೇಳಿದ ದಿನ ಹೇಳೋಣ ಎಂದು ಇವರು ಬೈಬಲನ್ನು ಮಳೆ ತಾಗದಂತೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟರು.

ಆಗ ಬಂದವನು ಫೌಜದಾರ, ಶಾಲೆಯಲ್ಲಿದ್ದ ಪೋಲೀಸರ ಅಧಿಕಾರಿ. ಒಂದು ಬೆಳಿಗ್ಗೆ ಕೊಡೆ ಹಿಡಿದುಕೊಂಡು ತಟ್ಟಿಯ ಹೊರಗೆ ನಿಂತಿದ್ದ.

"ಏನ್ರಿ ತಂಗಿ, ಗದಗಿನ ಕಡೆಯವ್ರಂತಲ್ಲ! ನಾನೂ ಆ ಕಡೆಯಾಂವನ ರೀ. ನಮ್ಮ ಮಾತು ಕಿವಿಗೆ ಬೀಳದ ಎಷ್ಟು ದಿನ ಆಗಿತ್ತು!"

ನನ್ನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು. ಅಷ್ಟು ತಿಂಗಳಲ್ಲಿ ನನ್ನೂರಿನ ಮಾತಿನಲ್ಲಿ ನನ್ನನ್ನು ಮಾತಾಡಿಸಿದ ಮೊದಲ ಮನುಷ್ಯ ಅವನು. ರೊಟ್ಟಿಯ ಮಾತಾಡಿದ, ಶೇಂಗಾ ಚಟ್ನಿಯ ಮಾತಾಡಿದ. ಈ ಮೀನಿನ ನಾತದಲ್ಲಿ ಹೇಗಿರುತ್ತೀರಿ ಎಂದು ನಕ್ಕ. ನಗುತ್ತಲೇ ನನ್ನ ಗಂಡನ ಕಡೆ ತಿರುಗಿದ.

"ಅಕ್ಕಾವ್ರು ಬಾಣಂತ್ಯಾರ ಮನಿಗೆ ಹೋಗ್ತಾರ. ತಲಿ ತಪ್ಪಿಸಿಕೊಂಡ ಗಂಡಸರು ಹೆಂಡ್ರು ಮಕ್ಕಳನ್ನ ನೋಡಾಕ ಬಂದ ಬರ್ತಾರ. ಯಾರು ಬಂದ್ರು, ಎತ್ತಾಗ ಹೋದ್ರು, ಅಷ್ಟ ಹೇಳಿದ್ರ ಸಾಕು. ನಿಮ್ಮ ಧರ್ಮ, ಸರಕಾರದ ಧರ್ಮ ಒಂದ ಅಲ್ಲೇನ್ರಿ?"

ಇವರು ಹೇಳಿದರು, "ನಮ್ಮ ಸ್ವಾಮಿನ್ನ ಹಿಡಕೊಂಡು ಹೋಗಿ ಕೊಂದದ್ದೂ ಒಂದು ಸರಕಾರಾನ ರೀ, ಸಾಹೇಬ್ರ."

ಫೌಜದಾರನ ನಗು ಮಾಸಲಿಲ್ಲ. "ಭಾಳ ಓದೀರಿ ನೀವು," ಎಂದಷ್ಟೇ ಹೇಳಿ ಕೊಡೆ ಬಿಚ್ಚಿದ.

ಮರುದಿನ ಒಬ್ಬ ಪೋಲೀಸು ಒಂದು ಚೀಲ ಜೋಳದ ಹಿಟ್ಟನ್ನು ತಂದು ನಮ್ಮ ತಟ್ಟಿಯ ಮುಂದೆ ಇಟ್ಟುಹೋದ. ನಾನು ಬೇಡ ಎಂದು ಹಿಂದೆ ಓಡಿದರೂ ತಿರುಗಿ ನೋಡಲಿಲ್ಲ. ಗರಿ ಹೊದಿಸುವ ಕೆಲಸದಿಂದ ಬಂದ ಇವರು ಅದನ್ನು ತಲೆಯ ಮೇಲೆ ಹೊತ್ತು, ಹಾಡುಹಗಲು, ಎಲ್ಲರ ಮುಂದೆ ಶಾಲೆಗೆ ಒಯ್ದು ಇಳಿಸಿ ಬಂದರು. ಊರು ಎರಡನ್ನೂ ನೋಡಿತ್ತು. ಪೋಲೀಸು ನಮ್ಮಲ್ಲಿಗೆ ಬಂದದ್ದನ್ನು ನೋಡಿತ್ತು, ಮಾಸ್ತರ್ರು ಪೋಲೀಸರಲ್ಲಿಗೆ ಹೋದದ್ದನ್ನೂ ನೋಡಿತ್ತು. ಚೀಲದಲ್ಲಿ ಏನಿತ್ತು, ಯಾಕೆ ಹೋದರು ಎಂದು ನಾವು ಮನೆಮನೆಗೆ ಹೋಗಿ ಹೇಳುವಂತಿರಲಿಲ್ಲ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಆಕಾಶವೇ ಹರಿದು ಬಿದ್ದಂತೆ ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಸೋಮಿ ನೆನೆದು ತೊಪ್ಪೆಯಾಗಿ ಬಂದಳು. ದೇವಮ್ಮನ ಮಗಳು ಗಿರಿಜೆಗೆ ಹಿಂದಿನ ದಿನದಿಂದ ಬೇನೆ, ಮಗು ಇಳಿಯುತ್ತಿಲ್ಲ. ಅವರು ಇದ್ದದ್ದು ಗುಡ್ಡದ ಬುಡದ ಕಾಡಿನಲ್ಲಿ, ಒಂದು ಗುಟ್ಟಿನ ಜಾಗದಲ್ಲಿ. ಜಪ್ತಿಗೆ ಸಿಗದ ದನಗಳನ್ನು ಅಲ್ಲಿಟ್ಟಿದ್ದರು. ಪೋಲೀಸರು ಹುಡುಕುತ್ತಿದ್ದ ಗಂಡಸರೂ ಅಲ್ಲೇ ಇದ್ದರು.

ಇವರ ಮುಖ ಕಂದಿತು. "ನಿನ್ನ ಬೆನ್ನ ಹತ್ತಿ ಅವರು ಬಂದ್ರ?"

"ನಾ ಹೋಗದಿದ್ರ ಎರಡು ಜೀವ ಹೋಗತಾವ," ಎಂದೆ. ಅವರು ನನ್ನ ಚೀಲವನ್ನು ಎಣ್ಣೆಬಟ್ಟೆಯಲ್ಲಿ ಕಟ್ಟಿಕೊಟ್ಟರು. ಬೈಬಲಿಗೆ ಸುತ್ತಿದ್ದ ಬಟ್ಟೆಯನ್ನೇ ಬಿಚ್ಚಿದ್ದರು.

ಗದ್ದೆ ದಾಟಿ ಕಾಡಿನ ಅಂಚಿಗೆ ಬಂದಾಗ ಕಂಬಳಿಕೊಪ್ಪೆ ಹಾಕಿಕೊಂಡ ಹೆಂಗಸು ಮರದ ಮರೆಯಿಂದ ಹೊರಬಂದಳು. ದೇವಮ್ಮ. ಅವಳ ಕೈಯಲ್ಲೊಂದು ಬಟ್ಟೆ ಇತ್ತು.

"ಕಣ್ಣು ಕಟ್ಟಬೇಕು ಅಕ್ಕೋರೆ. ನಿಮ್ಮ ಮೇಲೆ ಅನುಮಾನ ಅಂತಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಗೊತ್ತಿಲ್ಲ ಅನ್ನುಕೆ ನಿಮಗೆ ಸುಳ್ಳು ಹೇಳುದು ಬೇಡ."

ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ನನ್ನ ನಂಬಿಕೆಯ ಬಗ್ಗೆ ಅವಳಿಗೆ ಯಾರು ಹೇಳಿದ್ದರೋ, ಸುಳ್ಳು ನನಗೆ ಭಾರ ಎಂಬುದನ್ನು ಅವಳು ತಿಳಿದಿದ್ದಳು. ಕಣ್ಣು ಕಟ್ಟಿಸಿಕೊಂಡೆ. ಸೋಮಿಯ ಕೈ ಹಿಡಿದು ಏರಿದೆ, ಇಳಿದೆ, ಮೊಣಕಾಲುದ್ದದ ಹಳ್ಳವನ್ನು ದಾಟಿದೆ. ಜಿಗಣೆಗಳು ಕಾಲಿಗೆ ಹತ್ತುವುದು ತಿಳಿಯುತ್ತಿತ್ತು. ಸುತ್ತ ಹೆಜ್ಜೆಗಳಿದ್ದವು, ಗಂಡಸರ ಕೆಮ್ಮು ಇತ್ತು.

ಬಟ್ಟೆ ಬಿಚ್ಚಿದಾಗ ಸೊಪ್ಪಿನ ಚಪ್ಪರದ ಕೆಳಗೆ ಗಿರಿಜೆ ಬಿದ್ದಿದ್ದಳು. ಮಗು ಅಡ್ಡ ತಿರುಗಿತ್ತು. ಆಸ್ಪತ್ರೆಯಲ್ಲಾಗಿದ್ದರೆ ಡಾಕ್ಟರಮ್ಮ ಪಕ್ಕದಲ್ಲಿರುತ್ತಿದ್ದರು. ಇಲ್ಲಿ ನನ್ನ ಎರಡು ಕೈ, ಒಂದು ಗಡಿಗೆ ಬಿಸಿನೀರು ಮಾತ್ರ. ಆ ಹೊತ್ತಿನಲ್ಲಿ ನಾನು ಮಾಡಿದ ಪ್ರಾರ್ಥನೆಗೆ ಶಬ್ದಗಳಿರಲಿಲ್ಲ. ಮಗುವನ್ನು ಹೊಟ್ಟೆಯ ಮೇಲಿನಿಂದ ಸ್ವಲ್ಪಸ್ವಲ್ಪವೇ ತಿರುಗಿಸಿದೆ. ಹೊರಗೆ ಬಂದಾಗ ಅದು ನೀಲಿಗಟ್ಟಿತ್ತು. ಬಾಯಿಗೆ ಬಾಯಿ ಇಟ್ಟು ಊದಿದೆ. ಎಷ್ಟೋ ಹೊತ್ತಿಗೆ ಬೆಕ್ಕಿನ ಮರಿಯಂಥ ಒಂದು ಸದ್ದು ಹೊರಟಿತು. ಹೆಣ್ಣುಮಗು.

ದೇವಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳಿದಳು, "ನಮ್ಮನೆ ಎಂತಕ್ಕೆ ಬಿಟ್ಟದ್ದು ನೀವು?"

"ಅದು ನಿಮ್ಮನಿ ಅಲ್ಲೇನ್ರಿ?" ಎಂದೆ. ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಾಲಿನ ಜಿಗಣೆಗಳನ್ನು ಸುಣ್ಣ ಹಚ್ಚಿ ಒಂದೊಂದಾಗಿ ಬಿಡಿಸಿದಳು. ಮತ್ತೆ ಕಣ್ಣು ಕಟ್ಟಿ ಕರೆದುಕೊಂಡು ಬಂದು ಬಿಟ್ಟರು.

ಆ ವಾರ ನಾನು ಕೆಂಪು ಗಂಜಿಯನ್ನು ಉಪ್ಪುಮಾವಿನಕಾಯಿಯ ಜೊತೆ ಹೊಟ್ಟೆ ತುಂಬ ಉಂಡೆ. ಮೊದಲ ಸಲ ರುಚಿ ಹತ್ತಿತು. ಇನ್ನು ಈ ಊರು ನಮ್ಮದು ಎನಿಸಿತ್ತು.

ವಾರ ತುಂಬುವ ಮೊದಲೇ ಪೋಲೀಸರು ನಸುಕಿನಲ್ಲಿ ಆ ಜಾಗವನ್ನು ಸುತ್ತುವರಿದರು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಬೀರಣ್ಣನ ತಮ್ಮ, ಅವನ ಜೊತೆಗಾರರು, ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಊರಿನ ನಡುವೆ ನಡೆಸಿಕೊಂಡು ಹೋದರು. ದನಗಳನ್ನು ಹಿಂದೆ ಹೊಡೆದರು. ಗಿರಿಜೆ ಕೂಸನ್ನೆತ್ತಿಕೊಂಡು ಮಳೆಯಲ್ಲೇ ಹಿಂದೆ ನಡೆದಳು.

ಮಧ್ಯಾಹ್ನ ನಾನು ಬಾವಿಯ ಹತ್ತಿರವಿದ್ದೆ. ಐದಾರು ಹೆಂಗಸರಿದ್ದರು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಫೌಜದಾರ ಆ ದಾರಿಯಲ್ಲಿ ಬಂದವನು ನಿಂತು, ಎಲ್ಲರಿಗೂ ಕೇಳುವಂತೆ ಕೈ ಮುಗಿದು ಹೇಳಿದ:

"ಅಕ್ಕಾವ್ರ, ನಿಮ್ಮ ಉಪಕಾರ ಸರಕಾರ ಮರೆಯೂದಿಲ್ರಿ!"

"ನಾ ಏನು ಹೇಳೀನ್ರಿ? ನಾ ಏನೂ ಹೇಳಿಲ್ಲ!" ಎಂದು ಕೂಗಿದೆ.

"ಹೌದ್ರಿ, ಹೌದ್ರಿ. ನೀವು ಏನೂ ಹೇಳಿಲ್ಲ," ಎಂದು ಜೋರಾಗಿ ನಕ್ಕು ಅವನು ಮುಂದೆ ಹೋದ. ಆ ನಗುವೇ ಸಾಕಾಯಿತು. ನನ್ನೂರಿನ ಮಾತು ಅಷ್ಟು ಭಯಂಕರವಾಗಿ ಕೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಹೆಂಗಸರು ಕೊಡಗಳನ್ನು ಎತ್ತಿಕೊಂಡರು. ಒಬ್ಬಳು ನಾನು ಸೇದಿಟ್ಟಿದ್ದ ನೀರನ್ನು ಕಾಲಿನಿಂದ ಒದ್ದು ಚೆಲ್ಲಿದಳು.

ಅಂದಿನಿಂದ ನನಗೆ 'ಚಾಡಿ ಅಕ್ಕೋರು' ಎಂಬ ಹೆಸರು. ಸೋಮಿಯನ್ನು ಅವಳ ಮಕ್ಕಳು ನಮ್ಮ ಕಡೆ ಬರಲು ಬಿಡಲಿಲ್ಲ. ತಟ್ಟಿಯ ಮೇಲೆ ಸಗಣಿ ಬಿತ್ತು. ಒಮ್ಮೆ ಮಾಡಿನ ಹುಲ್ಲಿಗೆ ಯಾರೋ ಬೆಂಕಿಯ ಕೊಳ್ಳಿ ಸಿಕ್ಕಿಸಿ ಹೋದರು. ಮಳೆಯಿದ್ದದ್ದರಿಂದ ಹೊಗೆಯಾಡಿ ಆರಿತು. ಇವರು ಕೆಲಸಕ್ಕೆ ಹೋದರೆ ಜನ ಗರಿಗಳನ್ನು ಕೈಯಿಂದ ಕಸಿದುಕೊಳ್ಳುತ್ತಿದ್ದರು. ಜ್ವರ ಬಂದವರ ಹೊಸ್ತಿಲಿನ ಮೇಲೆ ನಾನು ಕ್ವಿನೈನ್ ಇಟ್ಟು ಬಂದರೆ ಮರುದಿನ ಅದು ದಾರಿಯ ಕೆಸರಿನಲ್ಲಿರುತ್ತಿತ್ತು. ಆ ಮಳೆಗಾಲದಲ್ಲಿ ಎರಡು ಕೂಸುಗಳು ಸತ್ತವು. ಒಂದನ್ನಾದರೂ ನಾನು ಉಳಿಸಬಹುದಿತ್ತು. ಅಳುವ ಸದ್ದು ಕೇಳುತ್ತಿತ್ತು, ಹೋಗುವ ಹಾಗಿರಲಿಲ್ಲ.

ದಾರಿಯಲ್ಲಿ ಒಂದು ಹುಳವೂ ಇಲ್ಲದಷ್ಟು ಮಳೆ ಹೊಯ್ಯುತ್ತಿದ್ದ ಒಂದು ಹಗಲು ದೇವಮ್ಮ ಬಂದಳು. ಒಳಗೆ ಬಂದು ಕೊಪ್ಪೆ ತೆಗೆಯದೆ ನಿಂತಳು.

"ನೀವು ಹೇಳ್ಲಿಲ್ಲ ಅಂತ ನಂಗೊತ್ತು ಅಕ್ಕೋರೆ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಹಂಗಾದ್ರ ಊರಿಗೆ ಹೇಳ್ರಿ ದೇವಮ್ಮಾ. ನಿಮ್ಮ ಮಾತು ಕೇಳ್ತಾರ."

"ಹೇಳುಕೆ ಆಗುದಿಲ್ಲ," ಎಂದಳು. "ಇವ್ರಲ್ಲ ಅಂದ್ರೆ ಮತ್ಯಾರು ಅಂತ ಕೇಳ್ತ್ರು. ಯಾರು ಅಂತ ನಂಗೊತ್ತು. ನಮ್ಮವನೇ. ಪೋಲೀಸ್ರು ಹಿಡ್ಕೊಂಡು ಹೋಗಿ, ನೀರು ಕೊಡದೆ ಕೂಡಿಹಾಕಿ ಹೊಡದ್ರು. ಬೆನ್ನು ನೋಡಿದೆ ನಾನು. ಚರ್ಮ ಇರ್ಲಿಲ್ಲ. ಬಾಯಿ ಬಿಟ್ಟ. ಮನೇಲಿ ಸಣ್ಣ ಸಣ್ಣ ಮಕ್ಕಳು. ಗೊತ್ತಾದ್ರೆ ಊರು ಅವ್ನನ್ನ ಜೀವಸಹಿತ ಬಿಡುದಿಲ್ಲ."

ಮೂಲೆಯಲ್ಲಿ ಕುಳಿತಿದ್ದ ಇವರು ಎದ್ದು ಹತ್ತಿರ ಬಂದರು.

"ಗದ್ದೆ ಹೋಯ್ತು, ದನ ಹೋಯ್ತು. ನಾವೆಲ್ಲಾ ಒಂದು ಅನ್ನುದೊಂದು ಉಳದದೆ. ಅದೂ ಹೋದ್ರೆ ನಾಳೆ ಒಬ್ಬೊಬ್ರೇ ಹೋಗಿ ತೀರ್ವೆ ಕಟ್ಟಿ ಬರ್ತ್ರು. ಮತ್ತೆ ನಮ್ಮವ್ರು ಜೈಲಿಗೆ ಹೋದದ್ದು ಎಂತಕ್ಕೆ?" ಅವಳ ದನಿ ಒಡೆಯಿತು. "ನಿಮಗೆ ಹೋಗುಕೆ ಒಂದೂರು ಅದೆ ಅಕ್ಕೋರೆ. ಅವ್ನಿಗೆ ಇದೊಂದೇ ಊರು."

"ನಾವೇನು ಮಾಡ್ಬೇಕಂತೀರಿ?" ಎಂದೆ.

"ಎಂತದ್ದೂ ಮಾಡ್ಬೇಡಿ. ನಾವಲ್ಲ ಅಂತ ಹೇಳ್ತಾ ತಿರಗಬೇಡಿ. ಅಷ್ಟೇ."

ನನಗೆ ಸಿಟ್ಟು ನೆತ್ತಿಗೇರಿತ್ತು. ಮೊಮ್ಮಗಳಿಗೆ ಉಸಿರು ಕೊಟ್ಟವಳ ಹತ್ತಿರ ಅವಳ ಒಳ್ಳೆಯ ಹೆಸರನ್ನೂ ಬೇಡಲು ಬಂದಿದ್ದಾಳೆ ಎನಿಸಿತು. ನಾನು ಬಾಯಿ ತೆರೆಯುವ ಮೊದಲು ಇವರು ಹೇಳಿದರು, "ಆಗ್ಲಿ ರೀ ತಾಯಿ. ಅವನ ಹೆಸರು ಮಾತ್ರ ನಮಗ ಹೇಳಬ್ಯಾಡ್ರಿ. ಗೊತ್ತಾದ್ರ ಒಂದಿನ ಸಿಟ್ಟಿನಾಗ ಬಾಯಿಗೆ ಬರತೈತಿ."

ದೇವಮ್ಮ ಬಗ್ಗಿ ಅವರ ಕಾಲು ಮುಟ್ಟಲು ಹೋದಳು. ಅವರು ಹಿಂದೆ ಸರಿದರು.

ಅವಳು ಹೋದ ಮೇಲೆ ನಾನು ಜಗಳ ತೆಗೆದೆ. "ನಾವು ಸುವಾರ್ತೆ ಹೇಳಾಕ ಬಂದೇವಿ. ಚಾಡಿಕೋರರು ಅಂತ ಅನಿಸಿಕೊಂಡ ಮ್ಯಾಲ ನಮ್ಮ ಮಾತು ಯಾರು ಕೇಳ್ತಾರ?"

"ಯಾರೂ ಕೇಳೂದಿಲ್ಲ," ಎಂದರು. ಸೋರುತ್ತಿದ್ದ ಕಡೆ ಗಡಿಗೆ ಸರಿಸಿಟ್ಟು ಮತ್ತೆ ಹೇಳಿದರು, "ಇಷ್ಟು ವರ್ಷ ಬಾಯಿಲೆ ಹೇಳಿದ್ದನ್ನ ಒಮ್ಮೆ ಮಾಡಿದಂಗ ಆಗತೈತಿ, ರೂತಾ."

ಆಮೇಲಿನ ದಿನಗಳು ಹೇಗಿದ್ದವೆಂದರೆ, ಹಾಳಿಯ ಮೇಲೆ ಎದುರಾದ ಪ್ರತಿ ಗಂಡಸಿನ ಮುಖವನ್ನು ನಾನು ನೋಡುತ್ತಿದ್ದೆ. ಇವನೇ ಇರಬಹುದೇ? ದಾರಿ ಬಿಟ್ಟು ಗದ್ದೆಗಿಳಿದವನೋ? ನಮ್ಮ ತಟ್ಟಿಯ ಮುಂದೆ ಕ್ಯಾಕರಿಸಿ ಉಗುಳಿದವನೋ? ಕೊಳ್ಳಿ ಸಿಕ್ಕಿಸಿದ ಕೈ ಅವನದೇ ಇದ್ದೀತೇ? ಬೆನ್ನು ನೋಡಿ ಗುರುತಿಸೋಣವೆಂದರೆ ಆ ಊರಿನಲ್ಲಿ ಬಾಸುಂಡೆಯಿಲ್ಲದ ಬೆನ್ನುಗಳು ಕಡಿಮೆ. ನೋಡುವುದನ್ನು ಬಿಡಬೇಕೆಂದು ದೇವರನ್ನು ಬೇಡಿಕೊಂಡೆ. ಬಿಡಲಾಗಲಿಲ್ಲ. ಕ್ಷಮಿಸಬೇಕಾದವನ ಮುಖವೇ ಗೊತ್ತಿಲ್ಲದಿದ್ದರೆ ಎಲ್ಲರನ್ನೂ ಕ್ಷಮಿಸಬೇಕಾಗುತ್ತದೆ. ಅದು ನನಗೆ ಒಂದು ದಿನ ಆಗುತ್ತಿತ್ತು, ಒಂದು ದಿನ ಆಗುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬೀರಣ್ಣ ನಾಯ್ಕರು ಬಿಡುಗಡೆಯಾಗಿ ಬಂದರು. ತಮ್ಮ ಬರಲಿಲ್ಲ, ಜೈಲಿನಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಅವರು ಬಂದ ಮರುದಿನವೇ ಊರಿನ ಗಂಡಸರೊಡನೆ ನಮ್ಮ ಮಾಡಿನ ಮುಂದೆ ನಿಂತರು. ಬಿಳಿ ಟೋಪಿ, ಒಣಗಿದ ಮುಖ. ದೇವಮ್ಮ ಸ್ವಲ್ಪ ಹಿಂದೆ, ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು.

"ಮೊಮ್ಮಗಳ ಜೀವ ಉಳಸದ್ದಕ್ಕೆ ನಿಮಗೆ ಕೈ ಮುಗಿತೆ," ಎಂದು ಅವರು ಮುಗಿದರು. "ನನ್ನ ತಮ್ಮನ್ನ ಹಿಡಸಿಕೊಟ್ಟದ್ದಕ್ಕೆ ಊರು ಬಿಡಿ ಅಂತ ಹೇಳ್ತೆ. ಇದಕ್ಕಿಂತ ಹೆಚ್ಚು ನಂಗೆ ಮಾತು ಬರುದಿಲ್ಲ."

ನಾನು ದೇವಮ್ಮನನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಮಗುವನ್ನು ಎಷ್ಟು ಬಿಗಿಯಾಗಿ ಅಪ್ಪಿದ್ದಳೆಂದರೆ ಅದು ಅಳತೊಡಗಿತು. ಒಂದು ಮಾತು ಹೊರಟಿದ್ದರೆ ಸಾಕಿತ್ತು, ಅವಳ ಬಾಯಿಂದ ಇಲ್ಲವೇ ನನ್ನ ಬಾಯಿಂದ. ಗುಂಪಿನಲ್ಲಿ ನಿಂತಿದ್ದವರಲ್ಲಿ ಒಬ್ಬನಾದರೂ ಆ ಮಾತಿಗೆ ಹೆದರಿ ಉಸಿರು ಬಿಗಿಹಿಡಿದಿದ್ದಿರಬೇಕು.

"ನಾಳೆ ಹೋಗ್ತೇವ್ರಿ," ಎಂದರು ನನ್ನ ಗಂಡ.

ಬೆಟಗೇರಿಗೆ ಬಂದುಬಿಡಿ ಎಂದು ನೀವೆಲ್ಲ ಕರೆದಿರಿ. ಆದರೆ ಕಾರವಾರದ ಹಿರಿಯರು ಅಷ್ಟರಲ್ಲಿ ಬೇರೆಯೇ ಮಾತು ಕೇಳಿದ್ದರು. ನಾವು ಸರಕಾರದ ವಿರುದ್ಧ ಇರುವವರು, ಕಾಂಗ್ರೆಸ್ಸಿನವರಿಗೆ ಅನ್ನ ನೀರು ಕೊಟ್ಟವರು ಎಂದು ಫೌಜದಾರ ಅವರಿಗೆ ದೂರು ಕೊಟ್ಟಿದ್ದ. ಹಿರಿಯರು ಇವರ ಸಂಬಳ ನಿಲ್ಲಿಸಿದರು. ಊರಿಗೆ ನಾವು ಸರಕಾರದ ಕಿವಿ, ಸರಕಾರಕ್ಕೆ ಊರಿನ ಜನ. ಎರಡೂ ಕಡೆ ಕಳೆದುಕೊಂಡು ಬೆಟಗೇರಿಗೆ ಮುಖ ತೋರಿಸಲು ಇವರಿಗೆ ಮನಸ್ಸಾಗಲಿಲ್ಲ. ಕಾರವಾರದ ಬಂದರಿನ ಹತ್ತಿರ ಒಂದು ಓಣಿಯಲ್ಲಿ ಕೋಣೆ ಹಿಡಿದೆವು. ಇವರು ಒಂದು ಮರದ ಅಡ್ಡೆಯಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಹೆರಿಗೆಗೆ ಹೋಗುತ್ತೇನೆ.

ಮನೆಯೊಡತಿ ಇಸಾಬೆಲ್ ಬಾಯಿ ಗೋವೆಯ ಕಡೆಯ ಕ್ರಿಸ್ತರವಳು. ಅವಳದು ಕೊಂಕಣಿ. ಗಂಜಿಗೆ 'ಪೇಜ', ನೀರಿಗೆ 'ಉದಕ'. ಅವಳ ಮನೆಯಲ್ಲಿ ಮಾತೆಯ ಮೂರ್ತಿಗೆ ಮೇಣದ ಬತ್ತಿ ಉರಿಯುತ್ತದೆ. ನಮ್ಮ ಗೋಡೆ ಬರಿದಾಗಿರುವುದನ್ನು ನೋಡಿ ಇವರು ಎಂಥ ಕ್ರಿಸ್ತರು ಎಂದು ಅವಳಿಗೆ ಇನ್ನೂ ಅನುಮಾನ. ಸ್ವಾಮಿ ಒಬ್ಬನೇ, ಆದರೂ ಅಲ್ಲಿಯೂ ನಾನು ಹೊರಗಿನವಳೇ. ಹೋದ ವರ್ಷ ಬೆಟಗೇರಿಗೆ ಬಂದಾಗ ನೀವು ನನ್ನ 'ಎಂತ' ಕೇಳಿ ನಕ್ಕಿರಿ. ಅಷ್ಟು ವರ್ಷ ಹಂಬಲಿಸಿದ್ದ ರೊಟ್ಟಿ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತು. ರಾತ್ರಿ ಸಮುದ್ರದ ಸದ್ದಿಲ್ಲದೆ ನಿದ್ದೆ ಬರಲಿಲ್ಲ.

ಈಗ ಆ ಊರಿನವರಿಗೆ ಗದ್ದೆಗಳು ಮರಳಿ ಸಿಕ್ಕಿವೆಯಂತೆ. ಸಂತೋಷಪಟ್ಟೆವು. ನಮ್ಮನ್ನು ಯಾರೂ ಕರೆಯಲಿಲ್ಲ. ಅಲ್ಲಿ ನಾವು ದೀಕ್ಷಾಸ್ನಾನ ಕೊಟ್ಟವರು ಒಬ್ಬರೂ ಇಲ್ಲ. ಸ್ವಾಮಿಯ ಹೆಸರನ್ನು ನಮ್ಮ ಬಾಯಿಂದ ಕೇಳಿದವರೂ ಇಲ್ಲವೆನ್ನಬೇಕು.

ಈ ಮಳೆಗಾಲದ ಮೊದಲು, ಒಂದು ಬೆಳಿಗ್ಗೆ, ನಮ್ಮ ಓಣಿಯ ಬಾಯಲ್ಲಿ ಒಂದು ಎತ್ತಿನ ಗಾಡಿ ನಿಂತಿತು. ಅಮದಳ್ಳಿ, ತೋಡೂರು ದಾಟಿ ದೂರದಿಂದ ಬಂದ ಗಾಡಿ, ಎತ್ತುಗಳ ಬಾಯಲ್ಲಿ ನೊರೆ. ಮುದುಕಿಯೊಬ್ಬಳು ಇಳಿದು ಇಸಾಬೆಲ್ ಬಾಯಿಯನ್ನು ಕೇಳಿದಳು, "ಚಾಡಿ ಅಕ್ಕೋರ ಮನೆ ಯಾವ್ದು?"

ಆ ಹೆಸರು ಕಾರವಾರದಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಹೊರಗೆ ಬಂದು, "ನಾನೇ," ಎಂದೆ.

ಮುದುಕಿಯ ಗುರುತು ಹತ್ತಿತು. ಬಾವಿಯ ಹತ್ತಿರ ನನ್ನ ನೀರನ್ನು ಒದ್ದವಳು. ಅವಳೂ ನನ್ನನ್ನು ನೋಡಿದಳು. ಗಾಡಿಯಲ್ಲಿ ಅವಳ ಸೊಸೆ ಚೊಚ್ಚಲ ಬೇನೆಯಲ್ಲಿ ಹೊರಳುತ್ತಿದ್ದಳು. ಇಳಿಸಿ ಒಳಗೆ ತರುವಾಗ ಮುದುಕಿ ಸೊಸೆಯ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿತು: "ಊರ ಮಾತು ಎಂತದ್ದೂ ಆಡ್ಬೇಡ ಇವ್ರ ಹತ್ರ. ಹೆತ್ಕೊಂಡು ಸುಮ್ನೆ ಬಾ. ಕೈ ಒಳ್ಳೇದದೆ."

ಹುಡುಗಿ ನನ್ನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಳು. ಬೇನೆಯಲ್ಲಿ ದೇವರನ್ನು ಕೂಗಿದಳು, ತಾಯಿಯನ್ನು ಕೂಗಿದಳು. ಮನಸ್ಸು ಬೇರೆ ಕಡೆ ಹರಿಯಲೆಂದು ನಾನು ಮನೆಯವರ ಸುದ್ದಿ ಕೇಳಿದರೆ ತಲೆ ಅಲ್ಲಾಡಿಸಿ ತುಟಿ ಕಚ್ಚಿಕೊಳ್ಳುತ್ತಿದ್ದಳು. ನಾನು ಕೇಳುವುದನ್ನು ಬಿಟ್ಟೆ. ಸಂಜೆಗೆ ಗಂಡುಮಗು ಹುಟ್ಟಿತು.

ಬಾಣಂತಿ ಚೇತರಿಸಿಕೊಂಡ ಮೇಲೆ ಅವರು ಹೊರಟರು. ಗಾಡಿ ಹತ್ತುವ ಮೊದಲು ಮುದುಕಿ ನನ್ನ ಹತ್ತಿರ ಬಂದಳು. ಕಣ್ಣು ನೆಲದ ಮೇಲಿತ್ತು.

"ಬೆಳೆ ಕೊಯ್ಲಿನ ಹೊತ್ತಿಗೆ ನನ್ನ ಮಗಳಿಗೂ ದಿನ ತುಂಬ್ತದೆ," ಎಂದಳು. "ನೀವು ಇಲ್ಲೇ ಇರ್ತ್ರಿ ಅಲ್ದಾ? ನಿಮ್ಮೂರಿಗೆ ಹೋಗುದಿಲ್ಲ ಅಲ್ದಾ?"

"ಇಲ್ಲೇ ಇರ್ತೆ," ಎಂದೆ. "ಕರ್ಕೊಂಡು ಬನ್ನಿ."

ಅವಳು ತಲೆಯಾಡಿಸಿದಳು. ಗಾಡಿಗೆ ಹತ್ತಿ, ಸೊಸೆಯ ಮುಖ ನನ್ನ ಕಡೆ ತಿರುಗದಂತೆ ಸೆರಗೆಳೆದು ಮುಚ್ಚಿದಳು. ಎತ್ತುಗಳು ಅಂಕೋಲೆಯ ದಾರಿ ಹಿಡಿದವು.